ಟಿ.ಸಿ. ಕೊಡದ ಕ್ಲಬ್ಬುಗಳು

ಏಪ್ರಿಲ್ ಕಳೆದು ಮೇ ಬಂತೆಂದರೆ ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಹಪ್ಪಳ ಸಂಡಿಗೆಗಳ ಜೊತೆಗೆ ಬರುವ ಇನ್ನೊಂದು ಮಾತು ‘ವರ್ಗ’. ಬ್ಯಾಂಕಿರಲಿ, ಪೊಲೀಸಿರಲಿ, ಕಂದಾಯ ಇಲಾಖೆಯಿರಲಿ, ಆ ಎರಡು ತಿಂಗಳು ಮನೆಯಲ್ಲಿ ಹೊಸ ಪರದೆ ಹೊಲಿಸುವ ಹಾಗಿಲ್ಲ, ಹಿತ್ತಲಲ್ಲಿ ಹೊಸದಾಗಿ ಮಲ್ಲಿಗೆ ಬಳ್ಳಿ ನೆಡುವ ಹಾಗಿಲ್ಲ. ಹಾಲಿನವನ ಲೆಕ್ಕವನ್ನೂ ತಿಂಗಳಿಂದ ತಿಂಗಳಿಗೆ ತೀರಿಸಿಬಿಡಬೇಕು. ಯಾರೋ ಎಲ್ಲೋ ಕುಳಿತು ಒಂದು ಪಟ್ಟಿ ಬರೆಯುತ್ತಿರುತ್ತಾರೆ. ಆ ಪಟ್ಟಿಯಲ್ಲಿ ನಮ್ಮವರ ಹೆಸರಿದೆಯೋ ಇಲ್ಲವೋ ಎಂಬುದರ ಮೇಲೆ ನಮ್ಮ ಅಡಿಗೆಮನೆ ಯಾವ ಊರಿನಲ್ಲಿ ಎಂಬುದು ನಿರ್ಧಾರವಾಗುತ್ತದೆ.

ಸರಿಯಾಗಿ ಇದೇ ಕಾಲದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರ ಮನೆಗಳಲ್ಲೂ ಇದೇ ಕಾಯುವಿಕೆ ನಡೆಯುತ್ತಿತ್ತು ಎಂದರೆ ನೀವು ನಗಬಹುದು. ನನಗೆ ಈ ವಿಷಯ ತಿಳಿದದ್ದು ಬಹಳ ತಡವಾಗಿ. ಫುಟ್‌ಬಾಲ್ ಹುಚ್ಚು ಮಾತ್ರ ಬಹಳ ಹಳೆಯದು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹಲಸೂರಿನಲ್ಲಿ. ಅಲ್ಲಿನ ಗಲ್ಲಿಗಳಲ್ಲಿ ಹುಡುಗರು ಕ್ರಿಕೆಟ್ಟಿಗಿಂತ ಮೊದಲು ಕಾಲ್ಚೆಂಡು ಕಲಿಯುತ್ತಿದ್ದರು. ಅಣ್ಣಂದಿರು ಪಂದ್ಯ ನೋಡಿ ಬಂದು ಊಟಕ್ಕೆ ಕುಳಿತು ಆಡುತ್ತಿದ್ದ ಮಾತುಗಳನ್ನು ಬಡಿಸುತ್ತ ಬಡಿಸುತ್ತ ಕೇಳಿಯೇ ನನಗೆ ಅರ್ಧ ಆಟ ಬಂತು. ಉಳಿದರ್ಧ ಬಂದದ್ದು 1986ರಲ್ಲಿ, ದೂರದರ್ಶನದವರು ಮೆಕ್ಸಿಕೋದ ವಿಶ್ವಕಪ್ಪನ್ನು ನಡುರಾತ್ರಿ ತೋರಿಸಿದಾಗ. ತೊಡೆಯ ಮೇಲೆ ಮಗಳು ಹಲ್ಲು ಬರುವ ಜ್ವರದಲ್ಲಿ ಅಳುತ್ತಿದ್ದಳು, ಪರದೆಯ ಮೇಲೆ ಮರಡೋನ ಓಡುತ್ತಿದ್ದ. ನಮ್ಮವರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಇವತ್ತಿಗೂ ಆಫ್‌ಸೈಡ್ ಎಂದರೇನೆಂದು ಗೊತ್ತಿಲ್ಲ.

ಈಗ ಮಗ ಬೆಂಗಳೂರಿನಿಂದ ಫೋನು ಮಾಡಿದರೆ ನಮ್ಮಿಬ್ಬರಿಗೆ ಆರ್ಸೆನಲ್ ಬಿಟ್ಟು ಬೇರೆ ಮಾತಿಲ್ಲ. ಅದರಲ್ಲೂ ಜುಲೈ ತಿಂಗಳಲ್ಲಿ. ಜುಲೈ ಎಂದರೆ ಪ್ರಿ-ಸೀಸನ್. ಗೊತ್ತಿಲ್ಲದವರಿಗೆ ಹೇಳುವುದಾದರೆ ಅದು ಫುಟ್‌ಬಾಲಿನ ಆಷಾಢ. ಆಡಿದ ಪಂದ್ಯಗಳು ಲೆಕ್ಕಕ್ಕಿಲ್ಲ, ಗೆದ್ದರೆ ಪಾಯಿಂಟಿಲ್ಲ, ಸೋತರೆ ಸೂತಕವಿಲ್ಲ. ಹೊಸದಾಗಿ ಬಂದವನು ಮದುವೆಯಾಗಿ ತಿಂಗಳಾಗದ ಸೊಸೆಯ ಹಾಗೆ ಎಲ್ಲರ ಮುಖ ನೋಡುತ್ತ ಓಡಾಡುತ್ತಾನೆ. ಹೊರಟವನ ಹೆಸರು ಪತ್ರಿಕೆಗಳಲ್ಲಿ ದಿನಕ್ಕೊಂದು ಊರಿನೊಂದಿಗೆ ಸೇರಿ ಬರುತ್ತದೆ. ಎಷ್ಟು ಕೋಟಿ, ಎಷ್ಟು ವರ್ಷದ ಕರಾರು ಎಂದು ಮಗ ಲೆಕ್ಕ ಹೇಳುತ್ತಾನೆ. ಹೆಂಡತಿ ಮಕ್ಕಳು ಎಲ್ಲಿರುತ್ತಾರಂತೆ ಎಂದು ನಾನು ಕೇಳಿದರೆ ಅವನಿಗೆ ನಗು. ನನ್ನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿಯೇ ನನಗೆ ಈ ವರ್ಗಾವಣೆಗಳ ಚರಿತ್ರೆ ಸಿಕ್ಕಿದ್ದು.

ಇಂಗ್ಲೆಂಡಿನಲ್ಲಿ ಹಣ ತೆಗೆದುಕೊಂಡು ಫುಟ್‌ಬಾಲ್ ಆಡಬಹುದು ಎಂದು ಒಪ್ಪಿದ್ದು 1885ರಲ್ಲಿ. ಮೂರು ವರ್ಷದ ನಂತರ, 1888ರಲ್ಲಿ, 12 ಕ್ಲಬ್ಬುಗಳು ಸೇರಿ ಲೀಗ್ ಮಾಡಿಕೊಂಡವು. ಆಟಗಾರರು ಹೆಚ್ಚು ಸಂಬಳ ಕೊಡುವಲ್ಲಿಗೆ ಹಾರತೊಡಗಿದರೆ ಸಣ್ಣ ಊರಿನ ಕ್ಲಬ್ಬುಗಳು ಮುಚ್ಚಿಹೋಗುತ್ತವೆ ಎಂಬ ಹೆದರಿಕೆ ಹುಟ್ಟಿತು. ಹೆದರಿಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅದಕ್ಕೆ 1893ರಲ್ಲಿ ಅವರು ಕಂಡುಕೊಂಡ ಔಷಧಿ ಮಾತ್ರ ವಿಚಿತ್ರವಾದದ್ದು. ಅದನ್ನು ನಮ್ಮ ಮಾತಿನಲ್ಲಿ ಹೇಳುವುದು ಬಹಳ ಸುಲಭ: ಕ್ಲಬ್ಬಿನವರು ಟಿ.ಸಿ. ಕೊಡುವುದಿಲ್ಲ.

ಮಕ್ಕಳನ್ನು ಊರೂರು ತಿರುಗಿಸಿದ ತಾಯಂದಿರಿಗೆ ಟಿ.ಸಿ. ಎಂಬ ಕಾಗದದ ಮಹಿಮೆ ಹೇಳಬೇಕಾಗಿಲ್ಲ. ಒಂದೂರಿನಲ್ಲಿ ನಮ್ಮ ಮಗನ ಟಿ.ಸಿ.ಯನ್ನು ಶಾಲೆಯವರು ಇಪ್ಪತ್ತು ದಿನ ಇಟ್ಟುಕೊಂಡರು. ಹೊಸ ಊರಿನ ಶಾಲೆಯವರು ಅದಿಲ್ಲದೆ ಸೇರಿಸಲಿಲ್ಲ. ಹುಡುಗ ಎರಡೂ ಊರಿಗೆ ಸೇರದವನಾಗಿ ಮನೆಯಲ್ಲಿ ಕೇರಂ ಆಡಿಕೊಂಡಿದ್ದ. ಫುಟ್‌ಬಾಲ್ ಆಟಗಾರನ ನೋಂದಣಿ ಪತ್ರವೂ ಹಾಗೆಯೇ. ಕರಾರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮುಗಿಯುತ್ತಿತ್ತು. ಆದರೆ ನೋಂದಣಿ ಕ್ಲಬ್ಬಿನ ಕಪಾಟಿನಲ್ಲೇ ಉಳಿಯುತ್ತಿತ್ತು. ಸೀಸನ್ ಮುಗಿದ ಮೇಲೆ ಕ್ಲಬ್ಬು ಒಂದು ಪಟ್ಟಿ ಹೊರಡಿಸುತ್ತಿತ್ತು: ಇವರನ್ನು ಉಳಿಸಿಕೊಂಡಿದ್ದೇವೆ, ಇವರನ್ನು ಮಾರಲಿದ್ದೇವೆ, ಇವರು ಎಲ್ಲಿಗೆ ಬೇಕಾದರೂ ಹೋಗಬಹುದು. ಮೂರನೆಯ ಪಟ್ಟಿಯಲ್ಲಿದ್ದವನಿಗೆ ಕೆಲಸ ಹೋಯಿತು ಎಂದೇ ಅರ್ಥ. ಮೊದಲ ಪಟ್ಟಿಯಲ್ಲಿದ್ದವನು ಕ್ಲಬ್ಬು ಹೇಳಿದ ಸಂಬಳಕ್ಕೆ ಒಪ್ಪದಿದ್ದರೆ ಅವನಿಗೆ ಸಂಬಳವೂ ಇಲ್ಲ, ಬೇರೆ ಕ್ಲಬ್ಬಿಗೆ ಹೋಗುವ ಹಕ್ಕೂ ಇಲ್ಲ. ನಮ್ಮ ಮಗ ಇಪ್ಪತ್ತು ದಿನ ಇದ್ದ ಹಾಗೆ, ಎಷ್ಟು ಕಾಲ ಬೇಕಾದರೂ ನಡುವೆ ನಿಂತಿರಬೇಕು.

ಇದರ ಮೇಲೆ 1901ರಲ್ಲಿ ಸಂಬಳಕ್ಕೂ ಒಂದು ಮಿತಿ ಬಂತು: ವಾರಕ್ಕೆ 4 ಪೌಂಡು, ಅದಕ್ಕಿಂತ ಹೆಚ್ಚು ಯಾರಿಗೂ ಇಲ್ಲ. ಮಾರಾಟದ ಬೆಲೆಗೆ ಮಾತ್ರ ಅಂಥ ಮಿತಿ ನಿಲ್ಲಲಿಲ್ಲ. 1905ರಲ್ಲಿ ಆಲ್ಫ್ ಕಾಮನ್ ಎಂಬವನನ್ನು ಸಂಡರ್ಲೆಂಡಿನಿಂದ ಮಿಡಲ್ಸ್‌ಬರೋ ಕ್ಲಬ್ಬು 1000 ಪೌಂಡಿಗೆ ಕೊಂಡುಕೊಂಡಿತು. 1928ರಲ್ಲಿ ನಮ್ಮ ಆರ್ಸೆನಲ್ ಡೇವಿಡ್ ಜ್ಯಾಕ್‌ಗೆ 10,000 ಪೌಂಡಿಗೂ ಮಿಕ್ಕಿ ಕೊಟ್ಟಿತು. ಆ ಹಣ ಒಂದು ಕ್ಲಬ್ಬಿನ ತಿಜೋರಿಯಿಂದ ಇನ್ನೊಂದು ಕ್ಲಬ್ಬಿನ ತಿಜೋರಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಪಂದ್ಯಗಳಿಲ್ಲವಲ್ಲ, ಆಗ ಆಟಗಾರರ ವಾರದ ಸಂಬಳವನ್ನೂ ಇಳಿಸುತ್ತಿದ್ದರು. ಮನೆಬಾಡಿಗೆಗೆ ಬೇಸಿಗೆ ರಜೆ ಇರಲಿಲ್ಲ ಎಂದು ಕಾಣುತ್ತದೆ, ಬಹಳ ಜನ ಆ ತಿಂಗಳುಗಳಲ್ಲಿ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು.

ನನಗೆ ಈ ಚರಿತ್ರೆಯಲ್ಲಿ ತುಂಬ ಹಿಡಿಸಿದವನು ಟಾಮ್ ಫಿನ್ನಿ. 1922ರಲ್ಲಿ ಲ್ಯಾಂಕಷೈರಿನ ಪ್ರೆಸ್ಟನ್ ಎಂಬ ಗಿರಣಿಗಳ ಊರಿನಲ್ಲಿ ಹುಟ್ಟಿದವನು. ಹುಡುಗನಿಗೆ ಹದಿನಾಲ್ಕಾದಾಗ ಊರಿನ ಕ್ಲಬ್ಬು ಕರೆಯಿತು, ಅಪ್ಪ ಬಿಡಲಿಲ್ಲ. ಮೊದಲು ಕೊಳಾಯಿ ರಿಪೇರಿಯ ಕಸುಬು ಪೂರ್ತಿ ಕಲಿ, ಆಮೇಲೆ ಚೆಂಡು ಎಂದ. ಆ ಅಪ್ಪ ನಮ್ಮ ಹಾಸನದವನೋ ಗದಗಿನವನೋ ಆಗಿದ್ದರೂ ಅದನ್ನೇ ಹೇಳುತ್ತಿದ್ದ. ಮಗ ಕಸುಬೂ ಕಲಿತ, ಚೆಂಡನ್ನೂ ಆಡಿದ. ಇಂಗ್ಲೆಂಡ್ ಕಂಡ ಅತಿ ದೊಡ್ಡ ಆಟಗಾರರಲ್ಲಿ ಒಬ್ಬನಾದ ಮೇಲೂ ಜನ ಅವನನ್ನು ‘ಪ್ರೆಸ್ಟನ್ನಿನ ಪ್ಲಂಬರ್’ ಎಂದೇ ಕರೆದರು.

1952ರಲ್ಲಿ ಇಂಗ್ಲೆಂಡ್ ತಂಡ ಇಟಲಿಗೆ ಹೋದಾಗ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷ, ಒಬ್ಬ ರಾಜಕುಮಾರ, ಫಿನ್ನಿಯನ್ನು ತಮ್ಮಲ್ಲಿಗೆ ಬರುವಂತೆ ಕರೆದ. ಸಹಿ ಹಾಕಿದ ಕೂಡಲೇ 10,000 ಪೌಂಡು, ತಿಂಗಳಿಗೆ 130 ಪೌಂಡು, ಸಮುದ್ರದ ಊರಿನಲ್ಲಿ ಒಂದು ಬಂಗಲೆ, ಕಾರು, ಸಂಸಾರ ಬಂದುಹೋಗುವ ಖರ್ಚು. ಆಗ ಇಂಗ್ಲೆಂಡಿನಲ್ಲಿ ಅವನಿಗೆ ವಾರಕ್ಕೆ ಸಿಗುತ್ತಿದ್ದದ್ದು 14 ಪೌಂಡು. ಕ್ಲಬ್ಬಿನ ಯಜಮಾನರು ಬಿಡಲಿಲ್ಲ. ಅವರು ಬಿಡದಿದ್ದರೆ ಅಲ್ಲಿಗೆ ಮುಗಿಯಿತು, ಟಿ.ಸಿ. ಅವರ ಕೈಯಲ್ಲಿತ್ತು. ಫಿನ್ನಿ 1960ರವರೆಗೆ ಪ್ರೆಸ್ಟನ್ನಿನಲ್ಲೇ ಆಡಿದ. ಒಂದು ದೊಡ್ಡ ಕಪ್ಪನ್ನೂ ಗೆಲ್ಲಲಿಲ್ಲ.

ಗಂಡಸರು ಬರೆದ ಪುಸ್ತಕಗಳಲ್ಲಿ ಈ ಕಥೆ ನಿಷ್ಠೆಯ ಕಥೆಯಾಗಿ ಬರುತ್ತದೆ. ಹೋಗಲು ಬಿಡದೆ ಉಳಿಸಿಕೊಂಡವನ ಉಳಿಯುವಿಕೆಯನ್ನು ನಿಷ್ಠೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅವನಿಗೆ ಪ್ರೆಸ್ಟನ್ನಿನ ಮೇಲೆ ಪ್ರೀತಿಯಿತ್ತು, ಅದು ಬೇರೆ ಮಾತು. ಪಲೆರ್ಮೊದ ಬಂಗಲೆಯ ವಿಷಯ ಅವನ ಹೆಂಡತಿ ಎಲ್ಸಿಗೆ ಏನನ್ನಿಸಿತೋ! ಆಕೆಯ ಹೆಸರು ಆಟದ ಚರಿತ್ರೆಯಲ್ಲಿ ಕಾಣುವುದು ಬಹಳ ತಡವಾಗಿ. ಮುಪ್ಪಿನಲ್ಲಿ ಆಕೆಗೆ ಮರೆವಿನ ಕಾಯಿಲೆ ಬಂದಾಗ ಫಿನ್ನಿ ಸಭೆ ಸಮಾರಂಭಗಳನ್ನೆಲ್ಲ ಕಡಿಮೆ ಮಾಡಿ ಮನೆಯಲ್ಲಿ ಕುಳಿತು ಆಕೆಯನ್ನು ನೋಡಿಕೊಂಡ. 2004ರಲ್ಲಿ ಆಕೆ ಹೋದಳು, ಹತ್ತು ವರ್ಷದ ಮೇಲೆ ಅವನು.

ಬೀಗ ಒಡೆದವನು ಜಾರ್ಜ್ ಈಸ್ಟ್‌ಹ್ಯಾಮ್. ಅವನ ಅಪ್ಪನೂ ಇಂಗ್ಲೆಂಡಿಗೆ ಆಡಿದವನೇ, ಹೆಸರೂ ಅದೇ. ಮಗ ನ್ಯೂಕ್ಯಾಸಲ್ ಕ್ಲಬ್ಬಿನಲ್ಲಿದ್ದ. 1959ರ ಹೊತ್ತಿಗೆ ಅವನಿಗೂ ಕ್ಲಬ್ಬಿಗೂ ಜಗಳ ಹತ್ತಿತು. ಜಗಳದ ಕಾರಣಗಳ ಪಟ್ಟಿ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಇಂಗ್ಲೆಂಡಿನ ಕಿರಿಯರ ತಂಡಕ್ಕೆ ಆಡುವ ವಿಷಯದಲ್ಲಿ ಕ್ಲಬ್ಬು ತಕರಾರು ಮಾಡಿತ್ತು, ಕೊಡಿಸಿದ ಹೊರಗಿನ ಕೆಲಸ ಸರಿಯಿರಲಿಲ್ಲ. ಇವುಗಳ ಜೊತೆಗೆ ಇನ್ನೊಂದು: ಕ್ಲಬ್ಬು ಕೊಟ್ಟ ಮನೆ ವಾಸಕ್ಕೆ ಯೋಗ್ಯವಾಗಿರಲಿಲ್ಲ. ಅಂದರೆ ಫುಟ್‌ಬಾಲಿನ ಚರಿತ್ರೆಯನ್ನೇ ಬದಲಿಸಿದ ಆ ವ್ಯಾಜ್ಯದ ಬೇರು ಒಂದು ಕ್ವಾರ್ಟರ್ಸಿನಲ್ಲಿತ್ತು. ಸೋರುವ ಸೂರು, ಒಡೆದ ಸಿಂಕು, ಬೀಗ ಬೀಳದ ಹಿತ್ತಲ ಬಾಗಿಲು ಇರುವ ಕ್ವಾರ್ಟರ್ಸುಗಳಲ್ಲಿ ಸಂಸಾರ ಮಾಡಿದ ನಮಗೆ ಅವನ ಸಿಟ್ಟು ಅರ್ಥವಾಗದೆ ಇರುತ್ತದೆಯೇ? ಆ ಕಾಲದಲ್ಲಿ ಬಹಳಷ್ಟು ಆಟಗಾರರು ಕ್ಲಬ್ಬಿನ ಮನೆಗಳಲ್ಲೇ ಇರುತ್ತಿದ್ದರು. ಕ್ಲಬ್ಬು ಬಿಟ್ಟರೆ ಮನೆಯನ್ನೂ ಬಿಡಬೇಕು.

1960ರ ಜೂನ್‌ನಲ್ಲಿ ಅವನ ಕರಾರು ಮುಗಿಯಿತು. ಹೊಸದಕ್ಕೆ ಸಹಿ ಹಾಕಲಿಲ್ಲ. ಕ್ಲಬ್ಬು ಅವನನ್ನು ‘ಉಳಿಸಿಕೊಂಡವರ’ ಪಟ್ಟಿಯಲ್ಲಿಟ್ಟು ಸುಮ್ಮನೆ ಕುಳಿತಿತು. ಅವನು ದಕ್ಷಿಣಕ್ಕೆ ಹೋಗಿ ಪರಿಚಯದವರೊಬ್ಬರ ಕಂಪನಿಯಲ್ಲಿ ಕಾರ್ಕು ಮಾರುವ ಕೆಲಸ ಹಿಡಿದ. ಇಂಗ್ಲೆಂಡಿನ ಒಳ್ಳೊಳ್ಳೆಯ ಆಟಗಾರರಲ್ಲಿ ಒಬ್ಬ ತಿಂಗಳುಗಟ್ಟಲೆ ಬಿರಡೆ ಮಾರಿದ! ಕೊನೆಗೆ ಅದೇ ವರ್ಷದ ಕೊನೆಯಲ್ಲಿ ಕ್ಲಬ್ಬು ಸೋತು ಅವನನ್ನು 47,500 ಪೌಂಡಿಗೆ ಆರ್ಸೆನಲ್ಲಿಗೆ ಕೊಟ್ಟಿತು. ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆಟಗಾರರ ಸಂಘದವರು ಬೆನ್ನಿಗೆ ನಿಂತು ಕೋರ್ಟಿಗೆ ಹೋಗುವಂತೆ ಮಾಡಿದರು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು: ಕರಾರು ಮುಗಿದವನನ್ನು ಹೀಗೆ ಕಟ್ಟಿಹಾಕುವುದು ಅವನ ಜೀವನೋಪಾಯಕ್ಕೆ ಹಾಕಿದ ಅನ್ಯಾಯದ ಅಡ್ಡಿ. ಅದಕ್ಕೂ ಮೊದಲೇ, 1961ರ ಜನವರಿಯಲ್ಲಿ, ಮುಷ್ಕರದ ಬೆದರಿಕೆಗೆ ಬಗ್ಗಿ ಸಂಬಳದ ಮಿತಿಯನ್ನು ತೆಗೆದಿದ್ದರು. ಆಗ ಅದು ವಾರಕ್ಕೆ 20 ಪೌಂಡು ಇತ್ತು. ಕೆಲವೇ ದಿನಗಳಲ್ಲಿ ಫುಲ್‌ಹ್ಯಾಮ್ ಕ್ಲಬ್ಬಿನ ಜಾನಿ ಹೇಯ್ನ್ಸ್‌ಗೆ 100 ಪೌಂಡಾಯಿತು.

ಬೀಗ ಪೂರ್ತಿ ಕಳಚಲು ಇನ್ನೂ 32 ವರ್ಷ ಬೇಕಾಯಿತು. ಬೆಲ್ಜಿಯಮ್ಮಿನ ಬೋಸ್ಮನ್ ಎಂಬವನು ಐದು ವರ್ಷ ಕೋರ್ಟು ಅಲೆದು 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯದಿಂದ ತೀರ್ಪು ತಂದ: ಕರಾರು ಮುಗಿದ ಮೇಲೆ ಹಳೆಯ ಕ್ಲಬ್ಬು ಒಂದು ಕಾಸೂ ಕೇಳುವ ಹಾಗಿಲ್ಲ. ಆ ತೀರ್ಪಿನಿಂದ ಕೋಟಿ ಕೋಟಿ ಎಣಿಸಿದವರು ಅವನ ನಂತರ ಬಂದವರು. ಅವನ ಆಟವೂ ಸಂಸಾರವೂ ಆ ಐದು ವರ್ಷಗಳಲ್ಲಿ ಕರಗಿಹೋದವು.

ನಮ್ಮ ದೇಶದಲ್ಲಿ ಇದು ತಿರುವುಮುರುವಾಗಿತ್ತು. ಕಲ್ಕತ್ತೆಯಲ್ಲಿ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ಸಂಬಳವೆಂಬುದೇ ಇಲ್ಲ, ಕೊಡುವುದನ್ನೆಲ್ಲ ಮೇಜಿನ ಕೆಳಗೆ ಕೊಡುತ್ತಿದ್ದರು. ಹಾಗಾಗಿ ಪ್ರತಿ ವರ್ಷವೂ ಯಾರು ಯಾವ ಕ್ಲಬ್ಬಿಗೆ ಬೇಕಾದರೂ ಸಹಿ ಹಾಕಬಹುದು. ಬಂಗಾಳಿಗಳು ಆ ದಿನಗಳನ್ನು ‘ದಲ್‌ಬದಲ್’ ಎನ್ನುತ್ತಿದ್ದರು. ಟಿ.ಸಿ.ಯ ಕಟ್ಟಿಲ್ಲದ ಕಾರಣ ಆಟಗಾರನನ್ನೇ ಕಟ್ಟಿಡುತ್ತಿದ್ದರು! ಸಹಿಯ ದಿನದವರೆಗೆ ಅವನನ್ನು ಯಾವುದೋ ಮನೆಯಲ್ಲಿ, ಯಾವುದೋ ಹೋಟೆಲಿನಲ್ಲಿ ಬಚ್ಚಿಟ್ಟು, ಅಭಿಮಾನಿಗಳ ಕಾವಲಿನಲ್ಲಿ ಕರೆತಂದು ಸಹಿ ಹಾಕಿಸುವುದು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಈ ಕಣ್ಣಾಮುಚ್ಚಾಲೆಯ ಕಥೆಗಳನ್ನು ಕಲ್ಕತ್ತೆಯವರು ಪಂದ್ಯಗಳ ಕಥೆಗಿಂತ ಹೆಚ್ಚು ರಸವತ್ತಾಗಿ ಹೇಳುತ್ತಾರೆ.

ಆ ಕಲ್ಕತ್ತೆಗೆ ನಮ್ಮ ಬೆಂಗಳೂರಿನ ಹುಡುಗರು ಸಾಲುಸಾಲಾಗಿ ಹೋದರು. 1937ರಲ್ಲೇ ಬ್ರಿಟಿಷ್ ಪಟಾಲಮ್ಮುಗಳ ಸೊತ್ತಾಗಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಇದ್ದ ಊರು ನಮ್ಮದು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ತಂದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಒಂದೇ ಗೋಲು ಹೊಡೆದವನು ಬೆಂಗಳೂರಿನ ರಾಮನ್. ಆ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಮರುವರ್ಷ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದ. ಅವನೊಂದಿಗೆ ವೆಂಕಟೇಶ್, ಧನರಾಜ್, ಅಪ್ಪಾರಾವ್, ಸಾಲೆ. ಐವರೂ ದಕ್ಷಿಣದವರು, ಕಲ್ಕತ್ತೆಯ ಜನ ಇಟ್ಟ ಹೆಸರು ‘ಪಂಚಪಾಂಡವರು’. 1949, 1950, 1951, ಮೂರು ವರ್ಷವೂ ಐ.ಎಫ್.ಎ. ಷೀಲ್ಡ್ ಈಸ್ಟ್ ಬೆಂಗಾಲ್‌ಗೇ ಬಂತು. ಅಹ್ಮದ್ ಖಾನನ ಅಪ್ಪ, ಅಣ್ಣತಮ್ಮಂದಿರು ಎಲ್ಲರೂ ಚೆಂಡಿನವರೇ. ಇವನು ಹತ್ತು ವರ್ಷ ಕಲ್ಕತ್ತೆಯಲ್ಲಿ ಆಡಿ, ಮೆರೆದು, ಬೆಂಗಳೂರಿಗೇ ಮರಳಿ 2017ರಲ್ಲಿ ತೊಂಬತ್ತು ತುಂಬಿದ ಮೇಲೆ ತೀರಿಕೊಂಡ.

ಹೋಗದೆ ಉಳಿದವರೂ ಇದ್ದರು. ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳಿಗೆ ತಮ್ಮ ತಮ್ಮ ತಂಡಗಳಿದ್ದವು. ಆಟದ ಮೇಲೆ ಕೆಲಸ ಸಿಕ್ಕರೆ ಕಾಲು ನೋಯುವ ವಯಸ್ಸಾದ ಮೇಲೂ ಸಂಬಳ, ಕಾರ್ಖಾನೆಯ ಆಸ್ಪತ್ರೆ, ಮಕ್ಕಳಿಗೆ ಶಾಲೆ. ನಮ್ಮ ಬೀದಿಯ ತಾಯಂದಿರು ಕಲ್ಕತ್ತೆಯ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಿದ್ದರು, ಕಾರ್ಖಾನೆಯ ಹೆಸರು ಕೇಳಿದರೆ ದೇವರಿಗೆ ಕೈಮುಗಿಯುತ್ತಿದ್ದರು. ಅವರ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಮತ್ತೆ ಅದನ್ನು ಗೆದ್ದದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದ್‌ನಲ್ಲಿ. ಅವತ್ತು ನಾನೊಬ್ಬಳೇ ಮನೆಯಲ್ಲಿ ಪಾಯಸ ಮಾಡಿಕೊಂಡು ಕುಡಿದೆ.

ಇಷ್ಟೆಲ್ಲ ಹೇಳಿ ಹೆಂಗಸರ ಮಾತು ಬಿಟ್ಟರೆ ಹೇಗೆ? ಅದೇ ಫಿನ್ನಿಯ ಪ್ರೆಸ್ಟನ್ನಿನಲ್ಲಿ ಡಿಕ್ ಕರ್ ಎಂಬ ಕಾರ್ಖಾನೆಯಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಅಲ್ಲಿನ ಹುಡುಗಿಯರು ತಂಡ ಕಟ್ಟಿದರು. 1920ರ ಕ್ರಿಸ್‌ಮಸ್ಸಿನ ಮರುದಿನ ಲಿವರ್‌ಪೂಲಿನಲ್ಲಿ ಅವರ ಪಂದ್ಯ ನೋಡಲು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರಿನಲ್ಲಿ ಫುಟ್‌ಬಾಲ್ ಸಂಸ್ಥೆಯವರು ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ತಮ್ಮ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟರು. ಸುಮಾರು 50 ವರ್ಷ ಮುಚ್ಚಿಯೇ ಇತ್ತು. ಆಲ್ಫ್ ಕಾಮನ್ನನ 1000 ಪೌಂಡಿನ ನೂರಿಪ್ಪತ್ತು ವರ್ಷದ ಮೇಲೆ, 2025ರ ಜುಲೈನಲ್ಲಿ, ಆರ್ಸೆನಲ್ ಒಲಿವಿಯಾ ಸ್ಮಿತ್ ಎಂಬ ಕೆನಡಾದ ಹುಡುಗಿಗೆ 10 ಲಕ್ಷ ಪೌಂಡು ಕೊಟ್ಟಿತು. ಮಗ ಫೋನಿನಲ್ಲಿ ಹೇಳಿದಾಗ ನಾನು ಎರಡು ಸಲ ಕೇಳಿಸಿಕೊಂಡೆ.

ನನಗೆ ಆ ಹಣಕ್ಕಿಂತ ದೊಡ್ಡದಾಗಿ ಕಂಡದ್ದು ಐಸ್‌ಲೆಂಡಿನ ಸಾರಾ ಗುನ್ನಾರ್ಸ್‌ಡೊಟ್ಟಿರ್ ಗೆದ್ದ ಮೊಕದ್ದಮೆ. ತನ್ನ ದೇಶದ ತಂಡದ ನಾಯಕಿ, ಫ್ರಾನ್ಸಿನ ಲಿಯಾನ್ ಕ್ಲಬ್ಬಿನಲ್ಲಿ ಆಡುತ್ತಿದ್ದಳು. 2021ರಲ್ಲಿ ಬಸುರಿಯಾಗಿ ಊರಿಗೆ ಹೋದಳು. ಸಂಬಳ ಪೂರ್ತಿ ಬರಲಿಲ್ಲ. ಅದೇ ವರ್ಷದ ಜನವರಿಯಿಂದ ಫೀಫಾದ ಹೊಸ ನಿಯಮ ಜಾರಿಯಲ್ಲಿತ್ತು: ಕನಿಷ್ಠ 14 ವಾರ ಹೆರಿಗೆ ರಜೆ, ಬಸುರಿಯೆಂದು ಯಾರನ್ನೂ ತೆಗೆಯುವ ಹಾಗಿಲ್ಲ. ಆಟಗಾರರ ಸಂಘದ ನೆರವಿನಿಂದ ಅವಳು ಹೋರಾಡಿ 2022ರಲ್ಲಿ 82,000 ಯೂರೋಗೂ ಹೆಚ್ಚು ಬಾಕಿ ವಸೂಲಿಗೆ ಆದೇಶ ಪಡೆದಳು. ಆ ಬೇಸಿಗೆಯಲ್ಲೇ ವರ್ಷ ತುಂಬದ ಮಗನನ್ನು ಎತ್ತಿಕೊಂಡು ಇಟಲಿಯ ಯುವೆಂಟಸ್ ಸೇರಿದಳು.

ನಾನು ಮೂರು ಊರುಗಳಲ್ಲಿ ಶಾಲಾ ಮೇಡಮ್ ಆಗಿದ್ದವಳು. ಮೂರು ಸಲವೂ ನೌಕರಿ ಖಾಯಂ ಆಗುವ ಹೊತ್ತಿಗೆ ನಮ್ಮವರ ವರ್ಗದ ಕಾಗದ ಬಂತು. ರಾಜೀನಾಮೆ ಬರೆಯಲು ನನಗೆ ಕೊಟ್ಟ ಸಮಯ ಲಾರಿ ಗೊತ್ತುಮಾಡಲು ಕೊಟ್ಟ ಸಮಯಕ್ಕಿಂತ ಕಡಿಮೆ. ಬ್ಯಾಂಕಿನವರು ನಮ್ಮವರಿಗೆ ಸಾಮಾನು ಸಾಗಿಸಲು ಭತ್ಯೆ ಕೊಡುತ್ತಿದ್ದರು. ಆ ಫಾರಮ್ಮಿನಲ್ಲಿ ಹೆಂಡತಿಯ ಹೆಸರಿಗೊಂದು ಖಾನೆಯಿತ್ತು, ಅವಳ ಕೆಲಸಕ್ಕೆ ಖಾನೆಯಿರಲಿಲ್ಲ. 1986ರಲ್ಲಿ ನನ್ನ ತೊಡೆಯ ಮೇಲೆ ಅಳುತ್ತಿದ್ದ ಮಗಳು ಈಗ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಈ ವರ್ಷ ಅವಳಿಗೆ ಬಡ್ತಿಯೊಂದಿಗೆ ಪುಣೆಗೆ ವರ್ಗ. ‘ಗಂಡನ ಕೆಲಸ ಇಲ್ಲಿರುವಾಗ ಅವಳೇಕೆ ಹೋಗಬೇಕು?’ ಎಂದು ಬೀಗರ ಕಡೆಯಿಂದ ಮಾತು ಬಂತು. ನಮ್ಮವರೂ ತಲೆಯಾಡಿಸಿದರು. ನಾನು ಆ ರಾತ್ರಿ ಅವರಿಗೆ ಈಸ್ಟ್‌ಹ್ಯಾಮನ ಕಥೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ‘ಕ್ವಾರ್ಟರ್ಸ್ ಅಷ್ಟು ಕೆಟ್ಟದಾಗಿತ್ತೇ?’ ಎಂದು ಮಾತ್ರ ಕೇಳಿ ಸುಮ್ಮನಾದರು.

ಅಳಿಯ ತನ್ನ ಆಫೀಸಿನಲ್ಲಿ ಪುಣೆಯ ಶಾಖೆಗೆ ಹಾಕುವಂತೆ ಅರ್ಜಿ ಕೊಟ್ಟಿದ್ದಾನೆ. ಸಿಗಲು ಆರು ತಿಂಗಳಾದರೂ ಬೇಕಂತೆ. ಅಲ್ಲಿಯವರೆಗೆ ನಾನು ಪುಣೆಯಲ್ಲಿ ಮಗಳ ಜೊತೆ ಇರುವುದೆಂದು ತೀರ್ಮಾನವಾಗಿದೆ, ನಮ್ಮವರು ಅನ್ನ ಸಾರು ಮಾಡುವುದನ್ನು ಕಲಿಯುತ್ತಿದ್ದಾರೆ. ಆಗಸ್ಟಿನಲ್ಲಿ ಲೀಗ್ ಶುರುವಾಗುವ ಮೊದಲೇ ಹೊರಡಬೇಕು. ಮೊಮ್ಮಗನ ಟಿ.ಸಿ.ಗೆ ಸೋಮವಾರ ಅರ್ಜಿ ಕೊಟ್ಟು ಬಂದೆವು; ಗುರುವಾರ ಬನ್ನಿ ಎಂದಿದ್ದಾರೆ.